ಕಂಬಿ ಹಿಡ್ಕಂಡ ಕಂಡಕ್ಟರು

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗೋ ಪ್ರೈವೇಟ್ ಬಸ್ಸಲ್ಲಿ ನಾನು ಕಂಡಕ್ಟರು. ನಮ್ಮೋರಿಗೆ ಒಂದು ಜಂಬ ಐತೆ. ಕಂಡಕ್ಟರ್ ಆದೋನು ಕಂಬಿ ಹಿಡಿಯಂಗಿಲ್ಲ. ಬಸ್ಸು ಎಂಥ ಗುಂಡಿಗೆ ಬೀಳ್ಲಿ, ಮೊಣಕಾಲಲ್ಲೇ ತಡ್ಕಂಡು ಟಿಕೆಟ್ ಹರೀಬೇಕು. ಹಿಡಿದ್ರೆ ಸ್ಟ್ಯಾಂಡಲ್ಲಿ ನಗ್ತಾರೆ.

ಹೋದ ವರ್ಷ ಒಂದಿನ ಬೆಳಿಗ್ಗೆ ಎದ್ರೆ ಮನೆಯೆಲ್ಲಾ ಗಿರಗಿರ ತಿರುಗ್ತೈತೆ. ವಾಂತಿ ಬೇರೆ. ಆಮೇಲೆ ತಿರುಗೋದು ನಿಲ್ತು, ನಡಿಗೆ ಮಾತ್ರ ಕೆಡ್ತು. ಕಾಲು ಅಗಲಿಸ್ಕಂಡು, ನೆಲ ನೋಡ್ಕಂಡು ಹೆಜ್ಜೆ ಇಡ್ತಿದ್ದೆ. ಮೀನಖಂಡ ಕಲ್ಲಾಗಿ ನೋಯ್ತಿದ್ವು. ಅಂಗಡಿ ತನಕ ಹೋಗಿ ಬಂದ್ರೆ ತೊಡೆ ನಡುಗೋವು.

"ಬೆಳಿಗ್ಗೇನೇ ಹಾಕ್ಕಂಡ್ ಬಂದೀಯೇನಲೇ?" ಅಂದ ಟೀ ಅಂಗಡಿಯೋನು.

ಕಾಲಿಗೆ ವಾತ ಹಿಡಿದೈತೆ ಅಂದ್ಲು ಅವ್ವ. ಚಳ್ಳಕೆರೆಯಲ್ಲಿ ಎಲ್ಲದಕ್ಕೂ ಮದ್ದು ಒಂದೇ, ಶೇಂಗಾ ಎಣ್ಣೆ. ದಿನಾ ಬಿಸಿ ಮಾಡಿ ತಿಕ್ಕಿದ್ಲು. ಕಾಲು ಮಿರಮಿರ ಮಿಂಚಿದ್ವು, ನಡಿಗೆ ಹಂಗೇ ಇತ್ತು. ಅಷ್ಟೊತ್ತಿಗೆ ಓನರ್ರು, "ಹಬ್ಬದೊಳಗೆ ಬರದಿದ್ರೆ ಬೇರೆಯೋನ್ನ ಹಾಕ್ಕಂತೀನಿ" ಅಂದ್ರು.

ಕೊನೆಗೆ, ಮೊದ್ಲು ತಲೆ ತಿರುಗಿದ್ದು ಕೇಳಿ ಮೆಡಿಕಲ್ ಶಾಪಿನೋನು ಹೇಳ್ದ ಅಂತ ಕಿವಿ ಡಾಕ್ಟ್ರ ಹತ್ರ ಹೋದೆ. ಕಣ್ಣು ಮುಚ್ಕಂಡು ನಿಲ್ಲು ಅಂದ್ರು ಆಯಮ್ಮ. ಪಕ್ಕಕ್ಕೆ ವಾಲಿದೆ.

"ಕಾಲಲ್ಲಿ ಏನೂ ಇಲ್ಲ. ಒಳಗಿವಿ ತಪ್ಪು ಸುದ್ದಿ ಕಳಿಸ್ತೈತೆ. ಬೀಳ್ತೀನಂತ ಹೆದರಿ ಕಾಲು ಬಿಗಿ ಹಿಡಿತಾವೆ, ಅದ್ಕೇ ನೋವು."

"ಎಷ್ಟು ದಿನ ಮಲಗ್ಲಿ ಮೇಡಂ?"

"ಮಲಗಿದ್ರೆ ಕೆಟ್ರಿ. ತಲೆ ಆ ಕಡೆ ಈ ಕಡೆ ತಿರುಗಿಸ್ತಾ ನಡೀರಿ. ಹಿಡ್ಕಳಕ್ಕೆ ಪಕ್ಕದಲ್ಲಿ ಏನಾದ್ರೂ ಇರ್ಲಿ."

ಹಂಗಂದ್ರೆ ಬಸ್ಸೇ ಸರಿ ಅಂದ್ಕಂಡೆ. ಸ್ಟ್ಯಾಂಡಲ್ಲಿ ನಿಂತ ಬಸ್ಸು ಹತ್ತಿ, ಸೀಟುಗಳ ಮಧ್ಯೆ ಹೋಗೋದು, ಬರೋದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡೋದು. ಹೊಟ್ಟೆ ತೊಳಸಿದ್ರೆ ಕೂರೋದು, ಮತ್ತೆ ಏಳೋದು.

"ಲೇ, ಖಾಲಿ ಬಸ್ಸಲ್ಲಿ ಯಾರಿಗೆ ಟಿಕೆಟ್ ಕೊಡ್ತೀಯ?" ಅಂದ ನಮ್ಮ ಡ್ರೈವರು.

"ನಿಮ್ಮಪ್ಪಂಗೆ."

ಹಬ್ಬಕ್ಕೆ ಮುಂಚೇನೇ ಬ್ಯಾಗು ಹಾಕ್ಕಂಡು ಹತ್ತಿದೆ. ಜಂಬ ಬಿಡ್ಲಿಲ್ಲ ನೋಡ್ರಿ, ಕೈ ಬಿಟ್ಟೇ ನಿಂತೆ. ದಾರೀಲಿ ಹಾನಗಲ್ ಕ್ರಾಸ್ ಹತ್ರ ಬಸ್ಸು ಮೊಳಕಾಲ್ಮೂರ ಕಡೆ ತಿರುಗ್ತು, ನಾನು ತಿರುಗ್ಲಿಲ್ಲ. ಹೋಗಿ ಒಬ್ಬ ಅಜ್ಜಿ ಮಡಿಲಿಗೆ ಬಿದ್ದೆ. ಅಜ್ಜಿ ಬೈಲಿಲ್ಲ. ನನ್ ಕೈ ಎತ್ತಿ ಕಂಬಿ ಮೇಲಿಟ್ಟು, "ಪಟ್ಟುಕೋ ನಾಯನಾ" ಅಂದ್ಲು ತೆಲುಗಲ್ಲಿ, ಹಿಡ್ಕಳಪ್ಪ ಅಂತ.

ಹಿಡ್ಕಂಡೆ.

ಡ್ರೈವರು ಕನ್ನಡೀಲಿ ನೋಡ್ದ. "ಏನಲೇ, ಕಂಬೀನ ಮದ್ವೆಯಾದೇನಲೇ?"

"ಹೂಂ ಕಣಲೇ. ನೀನು ಬ್ರೇಕು ನೆಟ್ಟಗೆ ಹಾಕು."

ಬಿಗಿದಿದ್ದ ತೊಡೆ ಅಲ್ಲೇ ಸ್ವಲ್ಪ ಸಡಿಲ ಆಯ್ತು. ಟಿಕೆಟ್ ಕಟ್ಟು ಬಾಯಲ್ಲಿ ಕಚ್ಕಂಡು, ನೆಲ ಬಿಟ್ಟು ಜನರ ಮುಖ ನೋಡ್ತಾ ಹಿಂದಿನ ಸೀಟಿಗೆ ನಡೆದೆ. ಈಗ್ಲೂ ಹಂಗೇ ಕಂಬಿ ಹಿಡ್ಕಂಡೇ ಟಿಕೆಟ್ ಹರೀತೀನಿ. ನಗೋರು ನಗ್ಲಿ.