ಕಾಯಿಲೆಯವರ ಬ್ರೆಡ್ಡು

ಹಸಿರು ಬ್ರೆಡ್ ನೋಡಿದ್ದೀರಾ? ನಾನು ಕಳೆದ ವಾರ ಕೈಯಾರೆ ಹೊತ್ತುಕೊಂಡು ಹೋಗಿ ನನ್ನ ಅಕ್ಕನ ಹಾಸಿಗೆ ಪಕ್ಕ ಇಟ್ಟೆ.

ಅಕ್ಕ ಇರುವುದು ಗುಬ್ಬಿಯಲ್ಲಿ. ಟೈಫಾಯಿಡ್ ಬಂದು ಅರ್ಧ ಆಗಿಹೋಗಿದ್ದಾಳೆ. ಡಾಕ್ಟರು ಹಾಲು-ಬ್ರೆಡ್ ಶುರು ಮಾಡಿ ಅಂದಿದ್ದರು. (ನಮ್ಮ ಕಡೆ ಬ್ರೆಡ್ ಅಂದರೆ ತಿಂಡಿಯಲ್ಲ, ಔಷಧಿ. ಕೈಯಲ್ಲಿ ಹಿಡಿದು ನಡೆದರೆ ಎದುರಿಗೆ ಬಂದವರು ‘ಯಾರಿಗೆ ಹುಷಾರಿಲ್ಲ?’ ಅಂತಲೇ ಕೇಳುತ್ತಾರೆ.) ತುಮಕೂರಿನ ಬಸ್ಸಿಳಿದವನೇ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಒಂದು ಪೌಂಡ್ ತೆಗೆದುಕೊಂಡೆ.

ಮನೆಯಲ್ಲಿ ಮೇಣದ ಕಾಗದ ಬಿಚ್ಚಿದರೆ, ಅಂಚಿನ ತುಂಬಾ ಬೂಷ್ಟು!

ಭಾವ ಚಾಕು ತಂದರು. ‘ಹಸ್ರು ಕೆರ್ದಾಕಿ ಹಾಲಿಗೆ ಅದ್ದುಬುಟ್ರೆ ಏನೂ ಗೊತ್ತಾಗಲ್ಲ ಬುಡು. ಸುಮ್ನೆ ಯಾಕೆ ವೇಸ್ಟು?’

ನಾಲಿಗೆಗೆ ಗೊತ್ತಾಗಲ್ಲ, ಸರಿ. ಹೊಟ್ಟೆಗೂ ಗೊತ್ತಾಗಲ್ಲವೇ? ಮೆತ್ತನೆಯ ಬ್ರೆಡ್ಡಿನಲ್ಲಿ ಬೂಷ್ಟು ಎಷ್ಟು ಒಳಗೆ ಇಳಿದಿದೆಯೋ ಕಂಡವರು ಯಾರು? ಬರೀ ಒಣಗಿದ್ದರೆ ಬೇರೆ ಮಾತು. ಕಾವಲಿ ಮೇಲೆ ಬಿಸಿ ಮಾಡಿ ನಾನೇ ಎಷ್ಟೋ ಸಲ ತಿಂದಿದ್ದೇನೆ. ಇದು ಒಣಗಿದ್ದಲ್ಲ, ಕೆಟ್ಟದ್ದು.

ನಾವಿಬ್ಬರೂ ವಾದ ಮಾಡುತ್ತಿದ್ದಾಗ ಅಕ್ಕ ಮಲಗಿದ್ದಲ್ಲಿಂದಲೇ ಕೈ ಚಾಚಿದಳು. ಒಂದು ಚೂರು ಮೂಸಿ, ತಟ್ಟೆಗೆ ಎಸೆದಳು.

‘ಹೊಟ್ಟೆ ಹಸೀತೈತೆ ಕಣೋ. ಆದ್ರೂ ಬ್ಯಾಡ. ಸಾಯ್ದೆ ಉಳ್ಕೊಂಡಿರೋದು ಇದ್ನ ತಿನ್ನೋಕಾ?’

ಭಾವ ಚಾಕು ಕೆಳಗಿಟ್ಟು ಒಳಗೆ ಹೋಗಿ ಒಲೆ ಹಚ್ಚಿದರು. (ಗಂಜಿ ಮಾಡಿದ್ದು ಅವರೇ, ತಳ ಹಿಡಿಸಿದ್ದೂ ಅವರೇ. ಅಕ್ಕ ಒಂದು ತೊಟ್ಟೂ ಬಿಡದೆ ಕುಡಿದಳು.)

ನಾನು ಬ್ರೆಡ್ ಸುತ್ತಿಕೊಂಡು ಅಂಗಡಿಗೆ ವಾಪಸ್ ಹೋದೆ. ಮಾಲೀಕ ತಿರುಗಿಸಿ ತಿರುಗಿಸಿ ನೋಡಿ, ‘ಏನಾಗೈತೆ ಸಾರ್? ಒಸಿ ಹಸ್ರು ಬಂದೈತೆ ಅಷ್ಟೆ. ಟೋಸ್ಟ್ ಮಾಡ್ಕೊಡಿ’ ಅಂದ.

‘ಹಾಗಾದ್ರೆ ಒಂದು ಪೀಸ್ ನೀವೇ ತಿಂದು ತೋರ್ಸಿ.’

ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು. ‘ನಾನ್ಯಾಕ್ ತಿನ್ಲಿ ಸಾರ್? ನಂಗೇನ್ ಜ್ವರ ಬಂದೈತಾ?’

ಮೈಯೆಲ್ಲ ಉರಿದುಹೋಯಿತು. ಅವನ ಕಣ್ಣೆದುರೇ ಬ್ರೆಡ್ಡನ್ನು ಚೂರು ಚೂರು ಮಾಡಿ ಚರಂಡಿಗೆ ಸುರಿದೆ. ಬಿಟ್ಟರೆ ಅದು ಇನ್ನೊಂದು ಮನೆಯ ಹಾಸಿಗೆ ಪಕ್ಕಕ್ಕೆ ಹೋಗುತ್ತಿತ್ತು.

‘ಅಯ್ಯೋ, ಹಾಳ್ ಮಾಡ್ಬುಟ್ರಲ್ಲಾ!’ ಅಂತ ಕೂಗಿದ. ಹಾಳಾದದ್ದನ್ನು ಮತ್ತೆ ಹಾಳು ಮಾಡುವುದು ಹೇಗೋ ನನಗೆ ತಿಳಿಯದು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಮಾತ್ರ ತಾನು ಕೊಂಡಿದ್ದ ಪೊಟ್ಟಣವನ್ನು ಅಲ್ಲೇ ಬಿಚ್ಚಿ, ಬೆಳಕಿಗೆ ಹಿಡಿದು ನೋಡತೊಡಗಿದಳು.

ಅಲ್ಲ ಸ್ವಾಮಿ, ಗಟ್ಟಿಮುಟ್ಟಾಗಿರುವವನು ಬಾಯಿಗಿಡದ್ದನ್ನು ಎದ್ದು ಕೂರಲಾಗದವರು ಅರಗಿಸಿಕೊಳ್ಳಬೇಕೇ?