ಲೇನಿಯ ಭಾನುವಾರದ ಟೋಪಿ

ಮದುವೆಯಾಗದೆ ಮಗು ಹೆತ್ತಳೆಂದು ಚರ್ಚಿನಿಂದ ಹೊರಗಿಟ್ಟ ಮೇಲೂ, ಕರೂ ಎಂಬ ಬರಡು ಬಯಲಿನ ಒಂಟಿ ಹೊಲಮನೆಯ ಲೇನಿ ಪ್ರತಿ ಭಾನುವಾರ ತನ್ನ ಕರಿಯ ಚರ್ಚು ಟೋಪಿ ಇಟ್ಟುಕೊಳ್ಳುತ್ತಿದ್ದಳು. ಆ ಟೋಪಿಯಲ್ಲೇ ಕೋಳಿಗಳನ್ನು ಬೈಯುವಳು, ಟಗರಿನ ಗೊರಸು ಕತ್ತರಿಸುವಳು. ಯುದ್ಧದಲ್ಲಿ ಸೆರೆಸಿಕ್ಕ ಇಟಲಿಯವರು ಆ ಸೀಮೆಗೆ ಹೊಲದ ಕೆಲಸಕ್ಕೆ ಬಂದರು. ಉಳಿದ ರೈತರು ಅವರಿಗೆ ಹಿತ್ತಲಲ್ಲಿ ತಗಡಿನ ತಟ್ಟೆ ಇಟ್ಟರೆ, ಇವಳು ತನ್ನ ಪಾಲಿಗೆ ಬಂದವರನ್ನು ತನ್ನ ಊಟದ ಮೇಜಿಗೇ ಕೂರಿಸಿ ಕುರಿಮಾಂಸ ಬಡಿಸಿದಳು. ನೆರೆಯವಳು ಮೂಗು ಮುರಿದರೆ, "ನಿಮ್ಮ ಚರ್ಚಿನ ಮೇಜಿಂದ ನನ್ನನ್ನ ಎಬ್ಬಿಸಿದ್ರಲ್ಲ ಅಕ್ಕ, ನನ್ನ ಮೇಜಲ್ಲಿ ಜಾಗ ಬೇಕಾದಷ್ಟಿದೆ" ಎನ್ನುವಳು. ಅಷ್ಟು ಬಾಯಿಯವಳು ಟೋಪಿ ಇಟ್ಟುಕೊಳ್ಳುತ್ತಿದ್ದುದು ಮಾತ್ರ, ಎಂದಾದರೂ ಚರ್ಚಿನಿಂದ ಕರೆ ಬಂದರೆ ಹೊರಡಲು ತಡವಾಗಬಾರದೆಂದು. ಕೊನೆಗೆ ಚರ್ಚಿನ ಗೋಪುರ ಬಿರುಕುಬಿಟ್ಟಿತು. ಅದನ್ನು ಕಟ್ಟಬಲ್ಲ ಕಲ್ಲುಕುಟಿಗನೆಂದರೆ ಇವಳ ಕೈದಿ ಅನ್ಸೆಲ್ಮೊ ಒಬ್ಬನೇ. ಅವಳನ್ನು ಹೊರಗಿಟ್ಟಿದ್ದ ಚರ್ಚಿನ ಹಿರಿಯ ಫ್ಲೋರಿಸ್ ಅಂಗಳದಲ್ಲಿ ನಿಂತು, "ಅವನನ್ನ ಕಳಿಸ್ಕೊಡು ಲೇನಿ, ನಿನ್ನನ್ನೂ ಒಳಗೆ ತಗೋತೀವಿ" ಎಂದ. "ಮೊದಲು ನೀವು ಒಳಗೆ ಬನ್ನಿ ಮಾಮ, ಕಾಫಿ ಆರ್ತಾ ಇದೆ." ಮುದುಕ ಕೈದಿಗಳ ನಡುವೆ ಕೂತು ಕುಡಿದ, ಇನ್ನೊಂದು ಲೋಟಕ್ಕೂ ಕೈ ಚಾಚಿದ. ಗೋಪುರವನ್ನು ಅನ್ಸೆಲ್ಮೊ ಚೆನ್ನಾಗಿಯೇ ಕಟ್ಟಿದ. ಕರೆ ಬಂದಿದ್ದರೂ ಲೇನಿ ಅದನ್ನು ನೋಡಲೂ ಹೋಗಲಿಲ್ಲ. ಅವಳ ಟೋಪಿಯಲ್ಲಿ ಈಗ ಕೋಳಿಯೊಂದು ಕಾವಿಗೆ ಕೂತಿದೆ.