ಹೆರಳು ದಡಿಯ ಹದಿನೆಂಟು ಹಾಳೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಮಧ್ಯಾಹ್ನ ಅತ್ತೆ ಮಗ್ಗದ ಮುಂದೆ ಕೂತಿದ್ದಳೋ, ಅಡುಗೆಮನೆಯ ಹೊಸ್ತಿಲ ಮೇಲೋ ಎಂದು ಕೇಳಿದರೆ ನಾನು ಎರಡನ್ನೂ ಆಣೆ ಮಾಡಿ ಹೇಳಿಯೇನು. ನಾನು ದಿನಚರಿ ಬರೆಯುವವಳು. ಆದರೆ ಆ ದಿನದ ಪುಟದಲ್ಲಿರುವುದು ಇಷ್ಟೇ: 'ಬನಹಟ್ಟಿಗೆ ಹೋಗಿದ್ದೆ. ಅತ್ತೆಯ ಫೋನ್ ಸರಿ ಮಾಡಿಕೊಟ್ಟೆ.' ಆ ಸಾಲು ಓದಿದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

ಅತ್ತೆ ನನ್ನ ಅಪ್ಪನ ಅಕ್ಕ. ಬನಹಟ್ಟಿಯ ನೇಕಾರರ ಮನೆಗೆ ಸೊಸೆಯಾಗಿ ಹೋದವಳು. ಸೀರೆಯ ದಡಿಗೆ ಬೇಕಾದ ಚಿತ್ರವನ್ನು ಗ್ರಾಫ್ ಹಾಳೆಯ ಮೇಲೆ ಬರೆಯುವುದು ಅವಳ ಕೆಲಸ. ಒಂದು ಚೌಕ ಅಂದರೆ ಒಂದು ಎಳೆ. ಕೆಂಪು ಪೆನ್ಸಿಲಿನಿಂದ ತುಂಬಿದ ಚೌಕಕ್ಕೆ ರಟ್ಟಿನಲ್ಲಿ ತೂತು, ಖಾಲಿ ಬಿಟ್ಟಲ್ಲಿ ತೂತಿಲ್ಲ. ಆ ರಟ್ಟುಗಳನ್ನು ಸಾಲಾಗಿ ಹೊಲಿದು ಮಗ್ಗದ ನೆತ್ತಿಗೆ ಏರಿಸಿದರೆ, ಯಾವ ಎಳೆ ಏಳಬೇಕು ಯಾವುದು ಏಳಬಾರದು ಎಂಬುದನ್ನು ಅವೇ ನಡೆಸುತ್ತವೆ.

ಆ ಮನೆಯ ದಡಿಗಳೆಲ್ಲ ಹಿಂದಿನವರಿಂದ ಬಂದವು, ಒಂದನ್ನು ಬಿಟ್ಟು. ಹೆರಳು ದಡಿಯನ್ನು ಅತ್ತೆ ಮದುವೆಯಾದ ಹೊಸದರಲ್ಲಿ ತಾನೇ ಕಟ್ಟಿದ್ದಳು. ಹೆಣೆದ ಜಡೆಯೊಂದು ಸೀರೆಯ ಅಂಚಿನುದ್ದಕ್ಕೂ ಸಾಗುತ್ತದೆ. ಒಂದೊಂದು ಹೆಣಿಕೆಯಲ್ಲಿ ಒಂದೊಂದು ಮೊಗ್ಗು, ಪ್ರತಿ ಮೊಗ್ಗೂ ಹಿಂದಿನದಕ್ಕಿಂತ ಒಂದೆಳೆಯಷ್ಟು ಹೆಚ್ಚು ಅರಳಿರುತ್ತದೆ. ಹೀಗೆ ಹದಿನೆಂಟು ಗ್ರಾಫ್ ಹಾಳೆ, ಕೊನೆಯದರಲ್ಲಿ ಹೂವು. ಉಳಿದ ದಡಿಗಳ ಬಗ್ಗೆ ಮಾತು ಬಂದರೆ ಅತ್ತೆ "ನಮ್ಮ ಮನಿದು" ಅನ್ನುತ್ತಿದ್ದಳು. ಇದಕ್ಕೆ ಮಾತ್ರ "ಇದು ನಂದು."

ಆದರೆ ಅವಳದು ಎನ್ನಲು ಉಳಿದದ್ದು ಕಡಿಮೆ. ರಟ್ಟುಗಳು ಸವೆದು ನೀರೊಲೆಗೆ ಹೋಗಿದ್ದವು. ಸೀರೆಗಳನ್ನು ಉಟ್ಟು ಹರಿದು ಹೊದೆಯುವ ಕೌದಿಗೆ ಹಾಕಿದ್ದರು. ಒಂದು ಕೌದಿಯಲ್ಲಿ ಅಂಗೈಯಗಲದ ತುಂಡು ಸಿಕ್ಕಿತು, ಅದರಲ್ಲಿ ಎರಡೇ ಮೊಗ್ಗು. ಅಟ್ಟದ ಮೇಲಿದ್ದ ಹಾಳೆಗಳಿಗೆ ಇಲಿ ಬಿದ್ದಿತ್ತು. ನೂಲಿಗೆ ಗಂಜಿ ಹಾಕಿದ ಕೈಯಲ್ಲೇ ಮುಟ್ಟಿದ ಹಾಳೆಗಳು, ಇಲಿಗೆ ಊಟದ ವಾಸನೆ. ಅದಕ್ಕೂ ಮೊದಲೇ, ಅದೃಷ್ಟಕ್ಕೆ, ಹದಿನೆಂಟನ್ನೂ ಅತ್ತೆಯ ಫೋನಿನಲ್ಲಿ ಫೋಟೋ ತೆಗೆದಿಟ್ಟಿದ್ದೆ.

ಆಗಷ್ಟೇ ಫೋನ್ ತಯಾರಿಸುವ ದೊಡ್ಡ ಕಂಪನಿಯೊಂದು ಜನಸಾಮಾನ್ಯರ ಫೋಟೋಗಳನ್ನು ತನ್ನ ಕಡೆ ಇಟ್ಟುಕೊಂಡು ಕಾಯುವ ವ್ಯವಹಾರಕ್ಕೂ ಇಳಿದಿತ್ತು. ನಾನು ಪಾಠ ಹೇಳುವ ಜಮಖಂಡಿಯಲ್ಲಿ, ಮೊಬೈಲ್ ಅಂಗಡಿಯ ಮುಂದೆ ಮೋಡದ ಚಿತ್ರದ ನೀಲಿ ಬೋರ್ಡು ಬಂದಿತ್ತು. ಬೇಸಿಗೆ ರಜೆಯಲ್ಲಿ ಹೋದಾಗ ಅತ್ತೆಯ ಫೋನ್ ತುಂಬಿ ಬಿಕ್ಕುತ್ತಿತ್ತು. ನಾನು ದೊಡ್ಡ ಜಾಣೆಯಂತೆ ಹೊಸ ಸೌಲಭ್ಯ ಹಾಕಿಕೊಟ್ಟೆ.

"ಇನ್ನ ಎಲ್ಲಾ ಮ್ಯಾಲೆ ಇರ್ತಾವ ಅತ್ತಿ, ಹೆದರಬ್ಯಾಡ."

"ಮ್ಯಾಲೆ ಅಂದ್ರ ಎಲ್ಲಿ ಬೇ? ಅಟ್ಟದ ಮ್ಯಾಲೆ ಇಟ್ಟಿದ್ದನ್ನ ಇಲಿ ತಿಂದ್ವು. ಅಲ್ಲಿ ಇಲಿ ಇಲ್ಲೇನು?"

ಎಲ್ಲವೂ ಮೇಲೆ ಹೋದ ಮೇಲೆ ಪರದೆಯಲ್ಲಿ ಒಂದು ಸಲಹೆ ಬಂತು: ಒಂದೇ ರೀತಿಯ ಫೋಟೋಗಳು ಬಹಳ ಇವೆ, ಒಂದನ್ನು ಉಳಿಸಿ ಮಿಕ್ಕವನ್ನು ತೆಗೆಯಲೇ? ಕೆಂಪು ಚುಕ್ಕೆಯ ಹದಿನೆಂಟು ಚಿತ್ರ. ನನ್ನ ಕಣ್ಣಿಗೂ ಹದಿನೆಂಟೂ ಒಂದೇ. ತೆಗೆ ಎಂದೆ. ಫೋನಿನಿಂದ ಹೋದರೂ ಮೇಲೆ ಇರುತ್ತದಲ್ಲ ಎಂದುಕೊಂಡಿದ್ದೆ.

ಮಳೆಗಾಲದ ಆರಂಭದಲ್ಲಿ ಜಮಖಂಡಿಯ ಬಟ್ಟೆ ಅಂಗಡಿಯ ಸಾಹುಕಾರರು ಅತ್ತೆಯ ಮನೆಗೆ ಬಂದರು. ಅವರ ತಾಯಿ ಉಡುತ್ತಿದ್ದ ಹೆರಳು ದಡಿಯ ಸೀರೆಗಳು ನಾಗರ ಪಂಚಮಿಗೆ ಬೇಕಂತೆ.

"ಆಗ್ಲಿಲ್ಲಂದ್ರ ಹೇಳ್ರಿ ಅಕ್ಕಾರ, ಕಂಪ್ಯೂಟರದಾಗ ಅಂಥಾದ್ದ ಒಂದು ಹೊಸಾದು ಮಾಡಿಸ್ತೇನಿ."

"ಅಂಥಾದ್ದು ಯಾಕ್ರಿ? ಅದನ್ನ ಕೊಡ್ತೇನಿ," ಎಂದು ಅತ್ತೆ ಫೋನ್ ತೆಗೆದಳು. ಮೊದಲ ಹಾಳೆ ಇತ್ತು. ಮುಂದಿನದು ಯಾರದೋ ಸೀಮಂತದ ಫೋಟೋ.

ಸುದ್ದಿ ತಿಳಿದು ನಾನು ಬಸ್ ಹತ್ತಿ ಹೋದೆ. ಫೋನಿನಲ್ಲಿ ಹುಡುಕಿ, ಮೇಲೆಯೂ ಹುಡುಕಿ, ಕಂಪನಿಯೇ ಅಳಿಸಿಬಿಟ್ಟಿದೆ ಎಂದೆ. ಸುಳ್ಳು ಹೇಳಿದೆನೇ? ಇಲ್ಲ, ಆ ಹೊತ್ತಿಗೆ ನನಗೆ ಹಾಗೆಯೇ ನೆನಪಿತ್ತು. ಗುಂಡಿ ಒತ್ತಿದ ಬೆರಳನ್ನು ನನ್ನ ತಲೆ ನಯವಾಗಿ ಮರೆತಿತ್ತು.

ಅತ್ತೆ ಬೈಯಲಿಲ್ಲ, ಅದೇ ಕಷ್ಟವಾಯಿತು. ಮರುದಿನದಿಂದ ನೆನಪಿನಿಂದಲೇ ಬರೆಯಲು ಕೂತಳು. ದಿನಕ್ಕೊಂದು ಹಾಳೆ. ಕಣ್ಣು ಮುಚ್ಚಿ ಬೆರಳು ಮಡಚುತ್ತ ಎಳೆ ಎಣಿಸುವಳು, ಆಮೇಲೆ ಕೆಂಪು ತುಂಬುವಳು. ಹದಿನಾಲ್ಕು ಹಾಳೆ ಆದವು. ಹದಿನೈದಕ್ಕೆ ನಿಂತಳು. ನನಗೆ ಫೋನ್ ಮಾಡಿ, "ಮುಂದಿಂದು ಬರವಲ್ದು ಯವ್ವಾ. ಸಾಹುಕಾರ್ಗ ಇಲ್ಲಂತ ಹೇಳಿಬಿಡ್ತೇನಿ," ಎಂದಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ಕಂಪನಿಗೆ ಕಟುವಾಗಿ ದೂರು ಬರೆಯೋಣವೆಂದು ಅದರ ಸಹಾಯದ ಪುಟ ತೆರೆದೆ. ಬೈಯಲು ಜಾಗ ಹುಡುಕುತ್ತಿದ್ದಾಗ ಕಂಡಿತು: ಇಲ್ಲಿ ಅಳಿಸಿದ್ದು ಫೋನಿನಿಂದಲೂ ಮೇಲಿನಿಂದಲೂ ಹೋಗುತ್ತದೆ, ಆದರೆ ಅರವತ್ತು ದಿನ ಕಸದ ಬುಟ್ಟಿಯಲ್ಲಿರುತ್ತದೆ. ಅಳಿಸಿದ ದಿನ ಯಾವುದು? ದಿನಚರಿ ತೆಗೆದೆ. 'ಅತ್ತೆಯ ಫೋನ್ ಸರಿ ಮಾಡಿಕೊಟ್ಟೆ.' ಅದನ್ನು ಓದುತ್ತಿದ್ದಂತೆ ಆ ಪರದೆ, ಆ ಪ್ರಶ್ನೆ, ನನ್ನ ಬೆರಳು, ಎಲ್ಲ ಒಟ್ಟಿಗೆ ನೆನಪಾದವು. ಎಣಿಸಿದೆ. ನಾಲ್ಕು ದಿನ ಉಳಿದಿದ್ದವು.

ಮರುದಿನ ಮೊದಲ ಬಸ್ಸಿಗೆ ಹೋಗಿ ಅತ್ತೆಯ ಮುಂದೆ ನಿಂತು ಹೇಳಿದೆ: "ಕಂಪನಿ ಅಲ್ಲ ಅತ್ತಿ. ನಾನ ಅಳಿಸಿದ್ದು."

"ಗೊತ್ತೈತಿ. ನೀ ಒತ್ತೂದು ನೋಡಿದ್ನಲ್ಲ, ಏನ್ ಹೋತು ಅನ್ನೂದು ಸಾಹುಕಾರ್ರು ಬಂದಾಗ ತಿಳೀತು. ಈಗ ಫೋನ್ ಹಿಡಿ, ಅಳೂದು ಆಮ್ಯಾಲೆ ಅಳೀಯಂತ."

ಬುಟ್ಟಿ ತೆರೆದರೆ ಹದಿನೇಳೂ ಇದ್ದವು! ಎಲ್ಲವನ್ನೂ ಮರಳಿಸು ಎಂದು ಒತ್ತಿದೆ. ನೆಟ್‌ವರ್ಕ್ ಕುಂಟುತ್ತಿತ್ತು, ಹಾಳೆಗಳು ಒಂದೊಂದಾಗಿ ಬಂದವು. ಪಕ್ಕದ ಮನೆಯ ಹೆಂಗಸರು ಮಗ್ಗ ನಿಲ್ಲಿಸಿ ಬಂದು ನಮ್ಮ ಹೆಗಲ ಮೇಲಿಂದ ಬಗ್ಗಿದರು. ಅತ್ತೆ ಎಣಿಸುತ್ತಿದ್ದಳು. ಹದಿನೈದು ಬಂದಾಗ ತೊಡೆ ತಟ್ಟಿದಳು: "ನೋಡ್ರಿ, ಇಲ್ಲಿ ಜಡಿ ಎಡಕ್ಕ ಹೊಳ್ಳತೈತಿ! ಇದ ನನಗ ತಪ್ಪಿದ್ದು!" ಹದಿನೆಂಟಕ್ಕೆ ಯಾರೋ ಸಕ್ಕರೆ ಡಬ್ಬಿ ತಂದರು. "ನಿನ್ನ ಸೊಸಿ ಕಳದ್ಳು, ನಿನ್ನ ಸೊಸೀನ ತಂದ್ಳು. ಸಾಲಿ ಕಲ್ತೋರ ಹಣೇಬರಾನ ಇಷ್ಟು," ಎಂದು ಒಬ್ಬಾಕೆ ನನ್ನ ಬಾಯಿಗೂ ಸಕ್ಕರೆ ಸುರಿದಳು. ನಾನು ನಗುತ್ತಲೇ ಅತ್ತುಬಿಟ್ಟೆ.

ಆಮೇಲೆ ಅತ್ತೆ ತಾನು ಬರೆದಿದ್ದ ಹದಿನಾಲ್ಕನ್ನೂ ಫೋನಿನ ಪಕ್ಕದಲ್ಲಿಟ್ಟು ತಾಳೆ ನೋಡಿದಳು. ನಾನು ಒಂದೊಂದು ಸಾಲಿನ ಚೌಕಗಳನ್ನು ಓದಿ ಹೇಳಿದೆ. ಹದಿಮೂರು ಹಾಳೆ ಒಂದು ಚುಕ್ಕೆಯೂ ತಪ್ಪದೆ ಕೂಡಿದವು. ಮೂವತ್ತು ವರ್ಷಕ್ಕೂ ಹಿಂದಿನ ಕೆಲಸ! ನನಗೆ ಎರಡು ತಿಂಗಳ ಹಿಂದಿನ ಬೆರಳು ನೆನಪಿರಲಿಲ್ಲ. ಹನ್ನೆರಡನೆಯದರಲ್ಲಿ ಮಾತ್ರ ಏಳು ಚೌಕ ಬೇರೆ ಇದ್ದವು. ಅಲ್ಲಿ ಮೊಗ್ಗು ಒಂದು ಸಾಲು ಮೊದಲೇ ಬಾಯಿ ಬಿಟ್ಟಿತ್ತು.

"ಫೋಟೋದಾಗಿಂದು ಹಾಕೂಣೇನು?" ಎಂದೆ.

"ಹದಿನೈದರಿಂದ ಮುಂದಿನವು ಫೋಟೋದಾಗಿನವು. ಹನ್ನೆರಡು ನಾ ಈಗ ಬರದಿದ್ದ ಇರ್ಲಿ."

ರಟ್ಟಿಗೆ ತೂತು ಬಿದ್ದವು, ಮಗ್ಗ ಹೊರಟಿತು. ಪಂಚಮಿಗೆ ವಾರ ಮೊದಲೇ ಸಾಹುಕಾರರು ಮೊದಲ ಸೀರೆಯನ್ನು ಬೆಳಕಿಗೆ ಹಿಡಿದು, ಅಂಚನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ನಿಂತರು. "ನಮ್ಮವ್ವಂದ ಸೀರಿ ಇದು. ಒಂದೆಳಿ ಹೆಚ್ಚು ಕಡಿಮಿ ಇಲ್ಲ ನೋಡ್ರಿ," ಎಂದರು. ಅತ್ತೆ ಸೆರಗು ಸರಿ ಮಾಡಿಕೊಂಡು, "ದಡಿ ನಂದ್ರೀ," ಎಂದಳು. ಪಂಚಮಿಯ ದಿನ ಓಣಿಯಲ್ಲಿ ಜೋಕಾಲಿ ಆಡುವ ಮೂವರ ಸೀರೆಯ ಅಂಚಿನಲ್ಲಿ ಹೆರಳು ಕಂಡಿತು.

ಅಂದು ಸಂಜೆ ನಾನು ಕೇಳಿದೆ: "ಅತ್ತಿ, ಹನ್ನೆರಡನೇ ಹಾಳ್ಯಾಗ ನೀ ಮರತು ಹಂಗ ಬರದ್ಯೋ, ಬೇಕಂತ ತಿದ್ದಿದ್ಯೋ?"

ಅವಳು ಉಂಡಿಯ ತಟ್ಟೆಯನ್ನು ನನ್ನ ಕಡೆ ತಳ್ಳಿ ಲಾಳಿಗೆ ನೂಲು ಹಾಕಲು ಎದ್ದಳು. ಆಮೇಲೂ ಎರಡು ಸಲ ಕೇಳಿದ್ದೇನೆ. ಇನ್ನೂ ಹೇಳಿಲ್ಲ.